ಆಂಪ್ಸ್ ಆಮೇಲೆ, ಮೊದಲು ಗಾಳಿ

ಪ್ಲಾಸ್ಮಾ ಕಟಿಂಗಿಗೆ ನೀರಿನ ಟೇಬಲ್ಲೋ, ಕೆಳಗಿನಿಂದ ಹೊಗೆ ಎಳೆಯುವ ಟೇಬಲ್ಲೋ ಎಂಬ ವ್ಯಾಜ್ಯವನ್ನು ಈ ವಾರ ಇತ್ಯರ್ಥ ಮಾಡುತ್ತೇನೆಂದು ಮಾತು ಕೊಟ್ಟಾಗಿದೆ, ಮಾಡಿಬಿಡೋಣ. ಎರಡು ಮೂರು ಜನ ದುಡಿಯುವ ಫ್ಯಾಬ್ರಿಕೇಷನ್ ಶೆಡ್ಡಿಗೆ, ದಿನವಿಡೀ ಎಂಎಸ್ ಪ್ಲೇಟನ್ನೇ ಕತ್ತರಿಸುವವರಿಗೆ, ನೀರಿನದೇ ಸರಿ. ಪ್ಲಾಸ್ಮಾ ಉಗುಳುವ ಕಬ್ಬಿಣದ ಹುಡಿ ಬಹುಪಾಲು ತೊಟ್ಟಿಗೇ ಬೀಳುತ್ತದೆ, ತೆಳು ಶೀಟು ಕಾದು ಸೊಟ್ಟಗಾಗುವುದು ಕಡಿಮೆ, ಪಕ್ಕದ ಶೆಡ್ಡಿನವರ ಜಗಳವೂ ಕಡಿಮೆ. ಹೊಗೆ ಎಳೆಯುವ ಟೇಬಲ್ಲಿಗೆ ದೊಡ್ಡ ಬ್ಲೋವರ್, ಡಕ್ಟು, ಫಿಲ್ಟರ್ ಎಲ್ಲವೂ ಬೇಕು. ಬರೀ ಬ್ಲೋವರ್ ಹಾಕಿ ಹೊಗೆಯನ್ನು ಗೋಡೆಯಾಚೆಗೆ ತಳ್ಳುವವರು ಇಡೀ ಬೀದಿಗೆ ಉಪದ್ರವ.

ಎಸ್‌ಎಸ್ ಕತ್ತರಿಸುವಾಗ ಏಳುವ ಹೊಗೆಯಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುತ್ತದೆ, ಅದು ಕ್ಯಾನ್ಸರ್ ತರುವಂಥದ್ದು. ಜಿಐ ಶೀಟಿನ ಸತುವಿನ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ. ಹಾಗಾಗಿ ನೀರೋ ಬ್ಲೋವರೋ ಒಂದು ಇರಲೇಬೇಕು. ಅಲ್ಯೂಮಿನಿಯಂ ಕೆಲಸವೇ ಹೆಚ್ಚಿರುವವರು ಮಾತ್ರ ನೀರಿನ ಸಹವಾಸಕ್ಕೆ ಹೋಗಬೇಡಿ. ಕರಗಿದ ಅಲ್ಯೂಮಿನಿಯಂ ನೀರಿಗೆ ಬಿದ್ದರೆ ಹೈಡ್ರೋಜನ್ ಹುಟ್ಟುತ್ತದೆ, ಪ್ಲೇಟಿನ ಅಡಿ ಕೂಡಿಕೊಳ್ಳುತ್ತದೆ. ತಳದ ಕೆಸರಿನಲ್ಲಿ ಕೂತ ಹುಡಿ ಟಾರ್ಚು ನಿಂತ ಮೇಲೂ ಗುಳ್ಳೆ ಬಿಡುತ್ತಲೇ ಇರುವುದರಿಂದ ಬೆಳಗಿನ ಮೊದಲ ಕಿಡಿಯೇ ಅಪಾಯ. ವ್ಯಾಜ್ಯ ಮುಗಿಯಿತು.

ಇನ್ನೂ ಎರಡು ಪುಟ ತುಂಬಬೇಕು, ಹೊರಗೆ ಆಷಾಢದ ಮಳೆ ಬಿಡುವಂತಿಲ್ಲ. ಟೇಬಲ್ಲಿನ ಬಗ್ಗೆ ವಿಚಾರಿಸಿದವರೆಲ್ಲ ಬೆಡ್ಡಿನ ಅಳತೆ ಕೇಳಿದ್ದಾರೆ, ಗ್ಯಾಂಟ್ರಿಗೆ ಸರ್ವೋ ಮೋಟಾರೋ ಸ್ಟೆಪ್ಪರೋ ಎಂದು ಕೇಳಿದ್ದಾರೆ, "ಸಾರ್, ಎಷ್ಟು ಆಂಪ್ಸ್ ತಗೊಳ್ಳಿ?" ಅಂತೂ ಎಲ್ಲರದೂ ಇದೆ. ಗಾಳಿಯ ಬಗ್ಗೆ ಕೇಳಿದವರು ಒಬ್ಬರೂ ಇಲ್ಲ. ಲಕ್ಷಗಟ್ಟಲೆ ಸುರಿದು ಮಷಿನ್ ತಂದು, ಮೂಲೆಯಲ್ಲಿ ಪೇಂಟಿಂಗಿಗೆಂದು ಇದ್ದ ಹಳೇ ಪಿಸ್ಟನ್ ಕಂಪ್ರೆಸರಿಗೆ ಪೈಪು ಸಿಕ್ಕಿಸುತ್ತಾರೆ. ಹದಿನೈದು ದಿನ ಕಳೆದ ಮೇಲೆ ಫೋನು: ನಾಜಲ್ ನಿಲ್ಲುತ್ತಿಲ್ಲ, ಕಟಿಂಗ್ ಒಂದು ಕಡೆ ಇಳಿಜಾರಾಗುತ್ತಿದೆ, ಕಂಪನಿಯವರು ಮೋಸ ಮಾಡಿದರು.

ಒಂದು ಲೆಕ್ಕ ಹಾಕೋಣ. 85 ಆಂಪ್ಸಿನ ಟಾರ್ಚು ನಿಮಿಷಕ್ಕೆ ಸುಮಾರು 190 ಲೀಟರ್ ಗಾಳಿ ಕುಡಿಯುತ್ತದೆ, ಗಂಟೆಗೆ ಹನ್ನೊಂದು ಘನ ಮೀಟರಿಗೂ ಮಿಕ್ಕಿ. ಮಳೆಗಾಲದಲ್ಲಿ 28 ಡಿಗ್ರಿ ಸೆಖೆ, ಶೇ 90 ತೇವಾಂಶ ಇರುವ ದಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರು ಆವಿಯಾಗಿ ಇರುತ್ತದೆ. ಅದನ್ನು 7 ಬಾರ್‌ಗೆ ಒತ್ತಿದರೆ ಗಾಳಿ ಎಂಟನೇ ಒಂದು ಭಾಗಕ್ಕೆ ಕುಗ್ಗುತ್ತದೆ, ಆವಿ ಹಿಡಿದಿಡುವ ಜಾಗವೂ ಅಷ್ಟೇ ಕುಗ್ಗುತ್ತದೆ. ಹೆಚ್ಚಾದ ನೀರು ತಣ್ಣಗಾದ ಕಡೆಯಲ್ಲೆಲ್ಲ ಹನಿಯಾಗಿ ಇಳಿಯಲೇಬೇಕು. ಗಂಟೆ ಪೂರ್ತಿ ಆರ್ಕ್ ಉರಿದರೆ ಹತ್ತಿರ ಹತ್ತಿರ ಕಾಲು ಲೀಟರ್. ಆ ನೀರು ಇಳಿಯುವ ಜಾಗ ಯಾವುದು ಎಂಬುದೊಂದೇ ಪ್ರಶ್ನೆ: ಟ್ಯಾಂಕಿನ ತಳದಲ್ಲಿ ಇಳಿಯಬೇಕೋ, ಟಾರ್ಚಿನ ಒಳಗೋ? ಒಂದೇ ಮಾದರಿಯ ಮಷಿನು ಬಳ್ಳಾರಿಯ ಏಪ್ರಿಲ್‌ನಲ್ಲಿ ಸಾಧುವಾಗಿರುವುದೂ ಮಂಗಳೂರಿನ ಬೈಕಂಪಾಡಿಯಲ್ಲಿ ಜುಲೈನಲ್ಲಿ ಮುನಿಸಿಕೊಳ್ಳುವುದೂ ಈ ಕಾಲು ಲೀಟರಿನ ಕಾರಣಕ್ಕೆ.

ತಯಾರಕರೇನೂ ಇದನ್ನು ಮುಚ್ಚಿಟ್ಟಿಲ್ಲ. ಹೈಪರ್‌ಥರ್ಮ್‌ನ ಪವರ್‌ಮ್ಯಾಕ್ಸ್ ಕೈಪಿಡಿಯಲ್ಲಿ ಗಾಳಿ ಹೇಗಿರಬೇಕೆಂಬುದಕ್ಕೆ ಐಎಸ್‌ಒ 8573-1ರ ದರ್ಜೆ ಕೊಟ್ಟಿದ್ದಾರೆ. ನೀರಿನ ಮಟ್ಟಿಗೆ ಅದು ಎರಡನೇ ದರ್ಜೆ, ಅಂದರೆ ಒತ್ತಡದಲ್ಲಿರುವ ಗಾಳಿಯನ್ನು ಮೈನಸ್ 40 ಡಿಗ್ರಿಗೆ ಇಳಿಸಿದರೂ ಹನಿಗಟ್ಟಬಾರದು. ನಮ್ಮಲ್ಲಿ ಎಲ್ಲರೂ ಕೊಳ್ಳುವ ರೆಫ್ರಿಜರೇಟೆಡ್ ಡ್ರೈಯರ್ ಪ್ಲಸ್ 3 ಡಿಗ್ರಿಯ ತನಕ ತರುತ್ತದೆ, ಅದು ನಾಲ್ಕನೇ ದರ್ಜೆ. ಪುಸ್ತಕದ ಪ್ರಕಾರ ಸಾಲದು. ಆದರೂ ಸಣ್ಣ ಶೆಡ್ಡಿಗೆ ನಾನು ಹೇಳುವುದು ಇದನ್ನೇ: ರೆಫ್ರಿಜರೇಟೆಡ್ ಡ್ರೈಯರ್ ಇಡಿ, ಅದರ ನಂತರ ಎಣ್ಣೆ ಹಿಡಿಯುವ ಫಿಲ್ಟರ್, ಟಾರ್ಚಿಗೆ ಹೋಗುವ ಮುಂಚೆ ಸಿಲಿಕಾ ಜೆಲ್ಲಿನ ಒಂದು ಡಬ್ಬಿ. ಜೆಲ್ಲು ನೀಲಿಯಿಂದ ಗುಲಾಬಿಗೆ ತಿರುಗಿದ ದಿನ ಬದಲಾಯಿಸಿ. ಪೈಪು ಎಳೆಯುವಾಗ ಮೇನ್ ಲೈನಿನ ನೆತ್ತಿಯಿಂದ ಕವಲು ತೆಗೆಯಿರಿ, ಹೊಟ್ಟೆಯಿಂದಲ್ಲ. ಲೈನಿಗೆ ಇಳಿಜಾರು ಇರಲಿ, ಕೊನೆಗೊಂದು ಡ್ರೈನ್ ವಾಲ್ವ್ ಇರಲಿ. ಕಂಪ್ರೆಸರ್ ಉಸಿರೆಳೆಯುವ ಬಾಯಿ ಟೇಬಲ್ಲಿನ ಹೊಗೆಯಿಂದ ದೂರ, ಗೋಡೆಯ ಆಚೆ ಇರಲಿ. ಇದಿಷ್ಟನ್ನು ಮಾಡದೆ ಮೇಲಿನ ಮಾದರಿಯ ಟಾರ್ಚು ಕೊಳ್ಳುವವರ ದುಡ್ಡು ನೀರಿಗೆ ಹೋಗುತ್ತದೆ, ಅಕ್ಷರಶಃ.

ಇಲ್ಲಿ ಲೇಸರ್ ಪಂಗಡದವರು ಕೈ ಎತ್ತುತ್ತಾರೆಂದು ಗೊತ್ತು. ಪೀಣ್ಯದಲ್ಲಿ ಯಾವ ಗಲ್ಲಿಗೆ ಹೋದರೂ ಫೈಬರ್ ಲೇಸರ್ ಜಾಬ್‌ವರ್ಕಿನ ಬೋರ್ಡು, ಪ್ಲಾಸ್ಮಾ ಕಾಲ ಮುಗಿಯಿತು ಎಂಬ ಘೋಷಣೆ. 3 ಎಂಎಂ ಶೀಟಿನಲ್ಲಿ ಲೇಸರ್ ಕೊರೆದ ತೂತಿನ ಮುಂದೆ ನಮ್ಮದು ನಾಚಬೇಕು, ಒಪ್ಪಿದೆ. ಆದರೆ ಟ್ರ್ಯಾಕ್ಟರ್ ಟ್ರೇಲರಿನ ಚಾಸಿಗೆ, ಕ್ರಷರಿನ ಲೈನರಿಗೆ 12, 16, 20 ಎಂಎಂ ಪ್ಲೇಟು ಕತ್ತರಿಸುವವನಿಗೆ, ಯಾರ್ಡಿನಲ್ಲಿ ಮಳೆಗೆ ನೆನೆದು ತುಕ್ಕು ಹಿಡಿದ ಪ್ಲೇಟನ್ನೇ ಟೇಬಲ್ಲಿಗೆ ಎಳೆಯುವವನಿಗೆ, ದಿನಕ್ಕೆ ಮೂರು ಗಂಟೆಯ ಕೆಲಸವಿರುವವನಿಗೆ ಲೇಸರಿನ ಚಿಲ್ಲರ್, ಲೆನ್ಸು, ಧೂಳಿಲ್ಲದ ಕೋಣೆ, ಕಂತು ಇವೆಲ್ಲ ಯಾಕೆ? ಅತ್ತ ಗ್ಯಾಸ್ ಕಟಿಂಗಿನ ಹಿರಿಯರ ಜೊತೆ ನನಗೆ ಜಗಳವೇ ಇಲ್ಲ. 50 ಎಂಎಂ ದಾಟಿದ ಮೇಲೆ ಪಗ್ ಮಷಿನ್ನಿಗೇ ಕೈ ಮುಗಿಯುತ್ತೇನೆ.

ಆಂಪ್ಸಿನ ಪ್ರಶ್ನೆಗೂ ಉತ್ತರ ಕೊಟ್ಟುಬಿಡುತ್ತೇನೆ. ಅಂಚಿನಿಂದ ಶುರುಮಾಡಿ ಕತ್ತರಿಸಬಲ್ಲ ದಪ್ಪ ಬೇರೆ, ಪ್ಲೇಟಿನ ನಡುವೆ ತೂತು ಕೊರೆದು ಶುರುಮಾಡಬಲ್ಲ ದಪ್ಪ ಬೇರೆ. 85 ಆಂಪ್ಸಿನದು ಅಂಚಿನಿಂದ 25 ಎಂಎಂ ಕತ್ತರಿಸುತ್ತದೆ, ತೂತು ಕೊರೆಯುವುದು ಸುಮಾರು 20ರ ತನಕ. ಸಿಎನ್‌ಸಿ ಟೇಬಲ್ಲಿನಲ್ಲಿ ಹೆಚ್ಚಿನ ಜಾಬು ನಡುವಿನಿಂದಲೇ ಶುರುವಾಗುವುದರಿಂದ ಎರಡನೆಯ ಅಂಕಿ ನೋಡಿ ಕೊಳ್ಳಿ. ಡ್ಯೂಟಿ ಸೈಕಲ್ಲನ್ನೂ ಕೇಳಿ. ಶೇ 60 ಎಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಮಾತ್ರ ಪೂರ್ತಿ ಆಂಪ್ಸಿನಲ್ಲಿ ಓಡಬಹುದು, ಅದೂ 40 ಡಿಗ್ರಿಯ ಲೆಕ್ಕದಲ್ಲಿ. ತಗಡಿನ ಛಾವಣಿಯ ನಮ್ಮ ಶೆಡ್ಡುಗಳಲ್ಲಿ ಮೇ ತಿಂಗಳ ಮಧ್ಯಾಹ್ನ ಎಷ್ಟಿರುತ್ತದೆಂದು ನಾನು ಹೇಳಬೇಕಿಲ್ಲ.

ನನ್ನ ಮಟ್ಟಿಗೆ ಈ ಕಸುಬಿನ ಮಹಾಗ್ರಂಥ ಕೈಪಿಡಿಯ ಕಟ್ ಚಾರ್ಟ್. ಎಷ್ಟೋ ಶೆಡ್ಡುಗಳಲ್ಲಿ ಅದು ಮಷಿನ್ ಬಂದ ಡಬ್ಬದಲ್ಲೇ ಪ್ಲಾಸ್ಟಿಕ್ ಹರಿಯದೆ ಮಲಗಿರುತ್ತದೆ. ಒಂದು ಸಾಲನ್ನು ಎಡದಿಂದ ಬಲಕ್ಕೆ ಓದಿ: ಪ್ಲೇಟಿನ ದಪ್ಪ, ಕತ್ತರಿಸುವಾಗ ಟಾರ್ಚಿನ ಎತ್ತರ, ತೂತು ಕೊರೆಯುವಾಗಿನ ಎತ್ತರ, ಅಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಒಳ್ಳೆಯ ಕಟ್ಟಿಗೆ ಯಾವ ವೇಗ ಯಾವ ವೋಲ್ಟೇಜು, ಬೇಗ ಮುಗಿಸಬೇಕಿದ್ದರೆ ಯಾವ ವೇಗ ಯಾವ ವೋಲ್ಟೇಜು, ಕೊನೆಗೆ ಕಟ್ಟಿನ ಅಗಲ. ಬಡತನದ ಗದ್ಯ, ಒಂದು ವಿಶೇಷಣವಿಲ್ಲ. 85 ಆಂಪ್ಸಿನ ಸಾಲಿನಲ್ಲಿ ಕತ್ತರಿಸುವ ಎತ್ತರ 1.5 ಎಂಎಂ, ತೂತಿಗೆ 3.8 ಎಂಎಂ. ಯಾಕೆ ಎರಡೂವರೆ ಪಟ್ಟು? ತೂತು ತಳ ಮುಟ್ಟುವ ತನಕ ಕರಗಿದ ಕಬ್ಬಿಣ ಮೇಲಕ್ಕೇ ಚಿಮ್ಮುತ್ತದೆ, ಅದು ನಾಜಲಿನ ಬಾಯಿಗೆ ಅಂಟಬಾರದು. ಹೊತ್ತು ಕಡಿಮೆಯಾದರೆ ತೂತಾಗುವ ಮೊದಲೇ ಟಾರ್ಚು ಓಡುತ್ತದೆ, ಹೆಚ್ಚಾದರೆ ಗುಂಡಿ ಅಗಲವಾಗಿ ಆರ್ಕ್ ಆರುತ್ತದೆ. ಚಾರ್ಟು ಬದಿಗಿಟ್ಟು ಕಿವಿಯಿಂದಲೇ ವೇಗ ಹಿಡಿಯುತ್ತೇನೆನ್ನುವ ಆಪರೇಟರುಗಳನ್ನು ಕಂಡಿದ್ದೇನೆ. ಅವರ ಟೇಬಲ್ಲಿನ ಪಕ್ಕ ಗ್ರೈಂಡರು ಬಿಡುವಿಲ್ಲದೆ ಕಿರುಚುತ್ತಿರುತ್ತದೆ. ಅಡಿಯಲ್ಲಿ ದಪ್ಪ ಗುಳ್ಳೆಗುಳ್ಳೆಯಾಗಿ ಕೂತು, ಸುತ್ತಿಗೆ ತಾಗಿಸಿದರೆ ಉದುರುವ ಸ್ಲ್ಯಾಗ್ ಬಂದರೆ ವೇಗ ಕಡಿಮೆಯಾಯಿತೆಂದು ಅರ್ಥ. ದಾರದಷ್ಟು ತೆಳ್ಳಗೆ ಅಂಟಿ, ಗ್ರೈಂಡರಿಗೂ ಬಗ್ಗದಿದ್ದರೆ ಹೆಚ್ಚಾಯಿತೆಂದು. ಈ ಎರಡನೆಯದನ್ನು ನೋಡಿ ಇನ್ನೂ ಆಂಪ್ಸ್ ಬೇಕಿತ್ತು ಎಂದು ಗೊಣಗುವುದು ವಾಡಿಕೆ.

1.5 ಎಂಎಂ ಎತ್ತರವನ್ನು ಹತ್ತಡಿ ಪ್ಲೇಟಿನುದ್ದಕ್ಕೂ ಕಾಯುವುದು ಹೈಟ್ ಕಂಟ್ರೋಲರಿನ ಕೆಲಸ. ಗಾಳಿಯ ನಂತರ ದುಡ್ಡು ಹಾಕಬೇಕಾದ ಜಾಗ ಇದು. ತೋರಣಗಲ್ಲಿನ ಎಚ್‌ಆರ್ ಕಾಯಿಲನ್ನು ಬಿಚ್ಚಿ ಕತ್ತರಿಸಿದ ಶೀಟು ಟೇಬಲ್ಲಿನ ಮೇಲೆ ಎಷ್ಟೇ ಸಪಾಟಾಗಿ ಕಂಡರೂ, ಟಾರ್ಚು ಒಂದು ಗೆರೆ ಎಳೆದೊಡನೆ ಸುರುಳಿಯ ಹಳೇ ಚಾಳಿ ನೆನಪಾಗಿ ಎದ್ದು ಕೂರುತ್ತದೆ. ಟಾರ್ಚು ಮೇಲೆ ಹೋದಂತೆ ಆರ್ಕಿನ ವೋಲ್ಟೇಜು ಏರುತ್ತದೆ, ಅಂದಾಜು 5 ವೋಲ್ಟಿಗೆ ಅರ್ಧ ಎಂಎಂ. ಕಂಟ್ರೋಲರು ಆ ವೋಲ್ಟೇಜನ್ನು ಅಳೆಯುತ್ತಾ ಟಾರ್ಚನ್ನು ಏರಿಸಿ ಇಳಿಸುತ್ತದೆ. ಆದರೆ ಎಲೆಕ್ಟ್ರೋಡ್ ಸವೆದಂತೆಯೂ ವೋಲ್ಟೇಜು ಏರುತ್ತದೆ. ಬೆಳಿಗ್ಗೆ ಕೂರಿಸಿದ ಅಂಕಿಯನ್ನೇ ಸಂಜೆಯ ತನಕ ನಂಬಿಕೊಂಡಿರುವ ಅಗ್ಗದ ಕಂಟ್ರೋಲರು, ಟಾರ್ಚು ಮೇಲೆ ಹೋಗಿದೆ ಎಂದೇ ಭಾವಿಸಿ ಸ್ವಲ್ಪ ಸ್ವಲ್ಪವೇ ಕೆಳಗಿಳಿಸುತ್ತಾ ಹೋಗಿ ಕೊನೆಗೆ ಪ್ಲೇಟಿಗೆ ಕೆರೆಯುತ್ತದೆ. ಒಳ್ಳೆಯದು ಹಾಗಲ್ಲ. ಪ್ರತಿ ಕಟ್ಟಿನ ಆರಂಭದಲ್ಲಿ ಪ್ಲೇಟನ್ನು ಮುಟ್ಟಿ ನೋಡಿ, ಸರಿಯಾದ ಎತ್ತರಕ್ಕೆ ಬಂದು, ಅಲ್ಲಿ ಈಗಿನ ವೋಲ್ಟೇಜು ಎಷ್ಟಿದೆಯೋ ಅದನ್ನೇ ಗುರಿಯಾಗಿ ಹಿಡಿದುಕೊಳ್ಳುತ್ತದೆ. ನಿಮ್ಮದು ಹೀಗೆ ಮಾಡುತ್ತದೆಯೇ ಎಂಬ ಒಂದು ಪ್ರಶ್ನೆ ಮಾರುವವನನ್ನು ಕೇಳಿ. ತಡವರಿಸಿದರೆ ಚಹಾ ಕುಡಿದು ಬನ್ನಿ. ಮೂಲೆಗಳಲ್ಲೂ ಸಣ್ಣ ತೂತುಗಳಲ್ಲೂ ವೇಗ ತಗ್ಗಿದಾಗ ಕಟ್ಟು ಅಗಲವಾಗಿ ವೋಲ್ಟೇಜು ಏರುವುದರಿಂದ, ಅಲ್ಲಿ ಕಂಟ್ರೋಲರನ್ನು ತಾತ್ಕಾಲಿಕವಾಗಿ ನಿಲ್ಲಿಸುವ ವ್ಯವಸ್ಥೆಯೂ ಇರಬೇಕು.

ಗ್ಯಾಂಟ್ರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ರೋಷರಿನಲ್ಲಿ ಅಚ್ಚಾದ ಗರಿಷ್ಠ ವೇಗ ಖಾಲಿ ಓಡುವಾಗಿನದು. ನಿಮಗೆ ಬೇಕಾದದ್ದು ಮೂಲೆ ತಿರುಗಿ ಎಷ್ಟು ಬೇಗ ಮತ್ತೆ ವೇಗ ಹಿಡಿಯುತ್ತದೆ ಎಂಬುದು. ಕೊಳ್ಳುವ ಮುಂಚೆ ನಿಮ್ಮದೇ 10 ಎಂಎಂ ಪ್ಲೇಟು ಒಯ್ದು ಅದರಲ್ಲಿ 12 ಎಂಎಂ ತೂತು ಹಾಕಿಸಿ, ವರ್ನಿಯರಿನಲ್ಲಿ ಅಡ್ಡ, ಉದ್ದ, ಮೇಲೆ, ಕೆಳಗೆ ಅಳೆಯಿರಿ. ದೊಡ್ಡ ಚೌಕ ಕಟ್ ಮಾಡಿಸಿ ಕರ್ಣಗಳನ್ನು ಟೇಪಿನಲ್ಲಿ ಹೋಲಿಸಿ. ತೂತು ಒಂದು ಕಡೆ ಇಳಿಜಾರಾಗಿದ್ದರೆ ಮಷಿನನ್ನು ಬೈಯುವ ಮೊದಲು ಪ್ರೋಗ್ರಾಂ ನೋಡಿ. ಟಾರ್ಚಿನೊಳಗೆ ಗಾಳಿ ಬಲಸುತ್ತಾಗಿ ತಿರುಗುವುದರಿಂದ ಸಾಗುವ ದಿಕ್ಕಿನ ಬಲಗಡೆಯ ಅಂಚು ನೇರವಾಗಿ ಬರುತ್ತದೆ, ಎಡಗಡೆಯದು ಓರೆ. ಹಾಗಾಗಿ ಹೊರ ಅಂಚನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಕತ್ತರಿಸಬೇಕು, ಒಳಗಿನ ತೂತನ್ನು ಅದಕ್ಕೆ ಉಲ್ಟಾ. ಕನ್ನಡಿ ಬಿಂಬ ಬೇಕೆಂದು ಡ್ರಾಯಿಂಗನ್ನು ಮಗುಚಿದಾಗ ದಿಕ್ಕೂ ಮಗುಚಿಕೊಂಡಿರುತ್ತದೆ. ನೇರ ಅಂಚು ಸ್ಕ್ರ್ಯಾಪಿಗೆ, ಓರೆ ಅಂಚು ಗಿರಾಕಿಗೆ.

ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿಸಿದ ಮೇಲೆ ಬೇಸಿಗೆಯಲ್ಲಿ ಒಂದೊಂದು ಕೊಡ ನೀರು ಹೊಯ್ಯುವವರು ಯಾರೆಂದು ಶೆಡ್ಡಿನಲ್ಲಿ ಮೊದಲೇ ನಿಶ್ಚಯವಾಗಲಿ. ಕಂಪ್ಯೂಟರ್ ನಡುವೆ ಹ್ಯಾಂಗ್ ಆಗುವ ದೂರುಗಳ ಬೇರು ಎಷ್ಟೋ ಸಲ ಆ ಒಣಗಿದ ಗುಂಡಿಯಲ್ಲಿರುತ್ತದೆ. ಟೇಬಲ್ಲಿನ ಪಟ್ಟಿಗಳು ಸ್ಲ್ಯಾಗ್ ಕಟ್ಟಿ ಮೇಲೆ ಮೇಲೆ ಬೆಳೆದಿದ್ದರೆ ಹೊಡೆದು ಉದುರಿಸಿ, ಇಲ್ಲವೇ ಬದಲಾಯಿಸಿ, ಲೋಭ ಮಾಡಬೇಡಿ. ಅವು ಸಾಯುವುದಕ್ಕೇ ಇರುವ ಪಟ್ಟಿಗಳು.

ಕೊನೆಗೆ ಎಲ್ಲರೂ ಲೋಭ ಮಾಡುವ ಎಲೆಕ್ಟ್ರೋಡ್. ತಾಮ್ರದ ಆ ತುಂಡಿನ ತುದಿಯಲ್ಲಿ ಸಾಸಿವೆಯಷ್ಟು ಹೆಫ್ನಿಯಂ ಕೂತಿರುತ್ತದೆ. 1923ರಲ್ಲಿ ಕೋಪನ್‌ಹೇಗನ್‌ನಲ್ಲಿ ಪತ್ತೆಯಾದ ಧಾತು. ಅಣು ರಿಯಾಕ್ಟರಿಗೆಂದು ಜಿರ್ಕೋನಿಯಂ ಶುದ್ಧಮಾಡುವಾಗ ಪಕ್ಕಕ್ಕೆ ತೆಗೆದದ್ದೇ ನಮ್ಮ ಶೆಡ್ಡಿನ ತನಕ ಬರುತ್ತದೆ. ಟಂಗ್‌ಸ್ಟನ್ ಗಾಳಿಯಲ್ಲಿ ಉರಿದುಹೋಗುತ್ತದೆ, ಹೆಫ್ನಿಯಂ ತಡೆಯುತ್ತದೆ, ಆದರೆ ಪ್ರತಿ ಆರಂಭಕ್ಕೂ ಪ್ರತಿ ಅಂತ್ಯಕ್ಕೂ ಒಂದಿಷ್ಟು ಹಾರಿಹೋಗುತ್ತದೆ. ಅದರ ಆಯುಸ್ಸನ್ನು ಗಂಟೆಗಿಂತ ತೂತುಗಳ ಸಂಖ್ಯೆಯಲ್ಲಿ ಅಳೆಯುವುದು ಅದಕ್ಕೇ. ಕಟ್ಟು ಮುಗಿಯುವಾಗ ಟಾರ್ಚು ಪ್ಲೇಟಿನಿಂದಾಚೆ ಓಡಿಹೋಗಿ ಆರ್ಕ್ ಹರಿದರೆ ಕರೆಂಟು ನಿಧಾನಕ್ಕೆ ಇಳಿಯಲು ಆಸ್ಪದವೇ ಸಿಗುವುದಿಲ್ಲ, ಆಗ ಹಾರುವುದು ಇನ್ನೂ ಹೆಚ್ಚು. ಪ್ರೋಗ್ರಾಮಿನಲ್ಲಿ ಕೊನೆಯ ಗೆರೆ ಲೋಹದ ಮೇಲೆಯೇ ನಿಲ್ಲುವಂತೆ ನೋಡಿಕೊಳ್ಳಿ. ಆಗಾಗ ಬಿಚ್ಚಿ ಹೆಫ್ನಿಯಂ ಸವೆದ ಗುಳಿಯ ಆಳ ಅಳೆಯಿರಿ. ಒಂದು ಎಂಎಂ ದಾಟಿದ್ದರೆ ಡಬ್ಬಿಗೆ ಹಾಕಿ, ಜೊತೆಗೆ ನಾಜಲನ್ನೂ ಬದಲಾಯಿಸಿ. ಹೆಫ್ನಿಯಂ ಮುಗಿದು ತಾಮ್ರವೇ ಉರಿಯತೊಡಗಿದಾಗ ಆರ್ಕಿನಲ್ಲಿ ಹಸಿರು ಹೊಳೆಯುತ್ತದೆ. ಅದನ್ನು ಕಂಡ ಮೇಲೂ "ಇದೊಂದು ಜಾಬ್ ಮುಗಿಸ್ತೀನಿ ಅಣ್ಣ" ಎನ್ನುವ ಹುಡುಗನಿಗೆ ಹೊಸ ಟಾರ್ಚಿನ ಕೊಟೇಷನ್ ಓದಿ ಹೇಳಿ.