ಭೇರುಂಡನ ಕಥೆ ಹೇಳುವ ಮೊದಲು ಶಾಸನ ಓದಿ

ಬಳ್ಳಿಗಾವಿಯ ಗಂಡಭೇರುಂಡ ಕಂಬದ ಫೋಟೋ ನಮ್ಮ ಶಾಸನಾಸಕ್ತರ ಗುಂಪುಗಳಲ್ಲಿ ಆಗಾಗ ಬರ್ತಾನೇ ಇರುತ್ತೆ. ಜೊತೆಗೆ ಒಂದೇ ಕಥೆ: ಉಗ್ರ ನರಸಿಂಹನನ್ನು ತಣಿಸಲು ಶಿವ ಶರಭನಾದ, ಆ ಶರಭನನ್ನು ಮಣಿಸಲು ವಿಷ್ಣು ಎರಡು ತಲೆಯ ಹಕ್ಕಿಯಾದ. ಕಥೆ ಚೆನ್ನಾಗಿದೆ. ಆದ್ರೆ ಈ ಕಂಬಕ್ಕೆ ಹೊಂದೋದಿಲ್ಲ.

ಕಳೆದ ಸಲ ಮಾವಿನಕುರ್ವೆಯ ನೆಂಟರ ಮನೆಯಿಂದ ಹೊರಟು, ಗೇರುಸೊಪ್ಪೆ ಘಾಟಿ ಹತ್ತಿ, ಸಾಗರ ದಾಟಿ ಬಳ್ಳಿಗಾವಿಗೆ ಹೋಗಿದ್ದೆ. ಜೊತೆಗಿದ್ದ ಹುಡುಗ ಕಂಬದ ತುದಿ ನೋಡಿ, "ಮಾವ, ಇದು ಹಕ್ಕಿಯೋ ಮನುಷ್ಯನೋ?" ಅಂದ. ನಾವು ದೊಡ್ಡವರು ಕೇಳದೇ ಬಿಟ್ಟ ಪ್ರಶ್ನೆ ಅದು. ಅಲ್ಲಿರೋದು ಮನುಷ್ಯನ ಮೈ, ಅದರ ಮೇಲೆ ಹಕ್ಕಿಯ ಎರಡು ತಲೆ. ನಮ್ಮ ಕಣ್ಣಲ್ಲಿ ಕೂತಿರೋ ಗಂಡಭೇರುಂಡ ಬೇರೆ: ವಿಜಯನಗರದ ಅಚ್ಯುತರಾಯನ (1529–1542) ನಾಣ್ಯದಲ್ಲಿ ಕೊಕ್ಕು, ಉಗುರುಗಳಲ್ಲಿ ಆನೆಗಳನ್ನು ಹಿಡಿದ ಪೂರ್ತಿ ಹಕ್ಕಿ, ಮೈಸೂರು ಅರಸರ ಲಾಂಛನದ ಹಕ್ಕಿ. ಕಂಬ ನಿಂತದ್ದು 1047ರಲ್ಲಿ. ನಡುವೆ ಹತ್ತಿರ ಹತ್ತಿರ ಐನೂರು ವರ್ಷ. ಹೆಸರು ಒಂದೇ ಅಂತ ರೂಪ, ಅರ್ಥ ಎರಡೂ ಒಂದೇ ಅಂದ್ಕೊಂಡದ್ದು ಮೊದಲ ತಪ್ಪು.

ಎರಡನೇದು ಇನ್ನೂ ದೊಡ್ಡದು. ಕಂಬ ನಿಲ್ಲಿಸಿದವನು ಚಾಲುಕ್ಯ ಒಂದನೇ ಸೋಮೇಶ್ವರನ ಕಾಲದಲ್ಲಿ ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯರಸ. ನಿಲ್ಲಿಸಿದ್ದು ಜಗದೇಕಮಲ್ಲೇಶ್ವರನ ಮುಂದೆ, ಅಂದ್ರೆ ಶಿವಾಲಯದ ಎದುರು. ಶಿವನ ಶರಭವನ್ನು ಸೋಲಿಸಿದ ಹಕ್ಕಿಯನ್ನು ಶಿವನ ಎದುರಿಗೇ ಯಾರಾದ್ರೂ ನಿಲ್ಲಿಸ್ತಾರಾ? ಹೆಸರಿನ ಮೊದಲಿರುವ 'ಗಂಡ' ಕೂಡ ಪುರಾಣದ ಮಾತಲ್ಲ, ಬಿರುದಿನ ಮಾತು. 'ಗಂಡರ ಗಂಡ', 'ಮೂರುರಾಯರ ಗಂಡ' ಅನ್ನುವಾಗಿನ ಅರ್ಥವೇ ಇಲ್ಲೂ: ವೀರ, ಮಣಿಸುವವ. ನನ್ನ ಓದಿನಲ್ಲಿ ಇದು ಪರಾಕ್ರಮದ ಕಂಬ, ಅವತಾರದ ಕಂಬ ಅಲ್ಲ.

ಈ ಕಥೆಯ ಗದ್ದಲದಲ್ಲಿ ಕಳೆದುಹೋಗೋದು 'ಭೇರುಂಡಗಳೆ'. ಬಳ್ಳಿಗಾವಿಯ ದತ್ತಿಯಲ್ಲಿ ಭೂಮಿ ಅಳೆದ ಕೋಲಿನ ಹೆಸರು ಅದು. ಎಂಜಿನಿಯರ್ ಆಗಿ ನನಗೆ ಮೈ ಜುಂ ಅನ್ನಿಸೋದು ಇಲ್ಲೇ. ಆಗ ಊರಿಗೊಂದು, ನಾಡಿಗೊಂದು ಗಳೆ. ಗಳೆ ಹತ್ತನೇ ಒಂದು ಭಾಗ ಉದ್ದವಾದ್ರೆ, ಅದೇ ಲೆಕ್ಕದ ಗದ್ದೆ ನೂರಕ್ಕೆ 21ರಷ್ಟು ಹೆಚ್ಚಾಗುತ್ತೆ. ಕೊಟ್ಟವನಿಗೂ ಪಡೆದವನಿಗೂ ಅದು ಸಣ್ಣ ವಿಷಯವಲ್ಲ. ಅದಕ್ಕೇ ಯಾವ ಗಳೆ ಅನ್ನೋದನ್ನ ಕಲ್ಲಿನಲ್ಲಿ ಕೆತ್ತಿಸಬೇಕಾಯ್ತು. ಇಲ್ಲೂ ಎಚ್ಚರ ಬೇಕು: ಕಂಬದ ಎತ್ತರ ಅಳೆದು 'ಇದೇ ಒಂದು ಭೇರುಂಡಗಳೆ' ಅಂತ ಘೋಷಿಸೋದು ಶರಭನ ಕಥೆಯಷ್ಟೇ ಅವಸರದ ಕೆಲಸ. ಹೆಸರು ಸಿಕ್ಕ ಮಾತ್ರಕ್ಕೆ ಉದ್ದ ಸಿಕ್ಕಿದಂತಲ್ಲ.

ಪುರಾಣ ಹೇಳಬಾರದು ಅಂತಲ್ಲ. ಅದು ಭಕ್ತಿಯ ನೆನಪು, ಅದಕ್ಕೆ ಅದರದೇ ಜಾಗ ಇದೆ. ಆದ್ರೆ ಫೋಟೋ ಕೆಳಗೆ ಮೊದಲ ಸಾಲು ಶಾಸನದ್ದಾಗಿರಲಿ. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ ಶಿಕಾರಿಪುರ ತಾಲೂಕಿನ ಶಾಸನಗಳಿವೆ, ತೆಗೆದು ನೋಡಿ. ನಾನಾದ್ರೆ ಹೀಗೆ ಬರೀತೀನಿ: "ಭೇರುಂಡ. ಮನುಷ್ಯದೇಹ, ಹಕ್ಕಿಯ ಎರಡು ತಲೆ. 1047, ಚಾವುಂಡರಾಯರಸ, ಜಗದೇಕಮಲ್ಲೇಶ್ವರನ ಮುಂದೆ. ಇದೇ ಹೆಸರಿನ ಗಳೆಯಿಂದ ಇಲ್ಲಿ ಗದ್ದೆ ಅಳೆಯುತ್ತಿದ್ದರು."