ಮಗು ನೋಡಲು ಹೋದಾಗ ಹೆಣಿಗೆಯನ್ನೂ ನೋಡಿ

ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ, ಬಾಣಂತಿ ಇರುವ ಮನೆಗೆ ಮಗು ನೋಡಲು ಹೋದರೆ ಒಂದು ಗಳಿಗೆ ತಪ್ಪದೆ ಬರುತ್ತದೆ. ಮಂಡಕ್ಕಿ, ಅಂಟಿನುಂಡೆ ತಿಂದಾಗಿರುತ್ತದೆ. ಕೂಸು ಯಾರ ಹಾಗಿದೆ ಎಂಬ ಚರ್ಚೆಯೂ ಮುಗಿದಿರುತ್ತದೆ. ಆಗ ಅಜ್ಜಿಯೋ ಸೋದರತ್ತೆಯೋ ಒಳಗೆ ಹೋಗಿ ಬೀರುವಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದು ಮಂಚದ ಮೇಲೆ ಬಿಚ್ಚುತ್ತಾರೆ. ಒಳಗೆ ಉಲ್ಲನ್ ಕುಲಾವಿ, ಸ್ವೆಟರ್, ಕಾಲುಚೀಲ. “ನಾನೇ ಹಾಕಿದ್ದು ನೋಡ್ರಿ” ಅನ್ನುತ್ತಾರೆ. ಬಂದವರು “ಭಾಳ ಚಲೋ ಆಗೇತಿ” ಎಂದು, ಕೈಗೂ ತೆಗೆದುಕೊಳ್ಳದೆ ಮಾತು ಬದಲಿಸುತ್ತಾರೆ. ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸಕ್ಕೆ ಇಷ್ಟೇ ಸಲ್ಲುವುದನ್ನು ನನಗೆ ಸಹಿಸಲಾಗದು. ಹಾಡುಗಾರರಿಗೆ ಸಭೆ ಇದೆ, ಚಿತ್ರ ಬರೆಯುವವರಿಗೆ ಗ್ಯಾಲರಿ ಇದೆ. ಹೆಣೆಯುವವರಿಗೆ ಇರುವುದು ನೆಂಟರು ಬಂದುಹೋಗುವ ಆ ಅರ್ಧ ಗಂಟೆ ಮಾತ್ರ. ಆ ಅರ್ಧ ಗಂಟೆಯಲ್ಲಿ ಏನನ್ನು, ಹೇಗೆ ನೋಡಬೇಕು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಕೈ ತೊಳೆದುಕೊಂಡು ಸ್ವೆಟರನ್ನು ಎತ್ತಿಕೊಳ್ಳಿ. ದೂರದಿಂದ ಬಣ್ಣ ಮಾತ್ರ ಕಾಣುತ್ತದೆ, ಬಣ್ಣ ಅಂಗಡಿಯವರದು. ಹತ್ತಿರ ಹಿಡಿದರೆ ಸಾದಾ ಹೆಣಿಗೆಯ ಮುಂಬದಿಯಲ್ಲಿ ‘ವಿ’ ಆಕಾರದ ಕುಣಿಕೆಗಳು ಒಂದರ ಮೇಲೊಂದು ಏರಿರುವುದು ಕಾಣುತ್ತದೆ. ಒಂದು ಸಾಲು ನಿಟ್ (ಸೀದಾ ಕುಣಿಕೆ), ಮರುಸಾಲು ಪರ್ಲ್ (ಉಲ್ಟಾ ಕುಣಿಕೆ) ಹಾಕುತ್ತ ಹೋದರೆ ಬರುವ ಬಟ್ಟೆ ಇದು. ಕಣ್ಣನ್ನು ಒಂದು ಸಾಲಿನುದ್ದಕ್ಕೂ ನಿಧಾನವಾಗಿ ಓಡಿಸಿ. ಕುಣಿಕೆಗಳೆಲ್ಲ ಒಂದೇ ಗಾತ್ರದಲ್ಲಿದ್ದರೆ ದಾರವನ್ನು ಬೆರಳಲ್ಲಿ ಒಂದೇ ಹದದಲ್ಲಿ ಹಿಡಿದು ಹೆಣೆದಿದ್ದಾರೆ ಎಂದರ್ಥ. ಮಗು ಅಳುವಾಗ, ಹಾಲು ಉಕ್ಕುವಾಗ, ಫೋನು ಬಂದಾಗ ಎದ್ದುಹೋಗಿ ಬಂದು ಕೂತರೂ ಆ ಹದ ಕೆಡದಿರುವುದು ವರ್ಷಗಳ ಅಭ್ಯಾಸದಿಂದ ಮಾತ್ರ ಬರುತ್ತದೆ.

ಲೆಕ್ಕ ಹಾಕಿ ನೋಡಿದರೆ ಗೌರವ ಇನ್ನೂ ಹೆಚ್ಚುತ್ತದೆ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮಾಡಿದವರ ಮನೆಯಾದರೆ ಒಂದು ಸ್ಟೀಲ್ ಸ್ಕೇಲು ಸಿಕ್ಕೇ ಸಿಗುತ್ತದೆ. ಹೆಣೆದವರನ್ನು ಕೇಳಿ ಅದನ್ನು ಸ್ವೆಟರ್ ಮೇಲಿಟ್ಟು ಎಣಿಸಿ. ಕೂಸಿನ ಬಟ್ಟೆಗೆ ಬಳಸುವ ತೆಳು ದಾರವನ್ನು 10 ನಂಬರ್ ಕಡ್ಡಿಯಲ್ಲಿ, ಅಂದರೆ 3.25 ಮಿ.ಮೀ. ದಪ್ಪದ್ದರಲ್ಲಿ ಹೆಣೆದರೆ 10 ಸೆಂ.ಮೀ. ಅಗಲಕ್ಕೆ ಸುಮಾರು 28 ಕುಣಿಕೆ, ಅಷ್ಟೇ ಎತ್ತರಕ್ಕೆ 36 ಸಾಲು ಬರುತ್ತವೆ. ಎದೆಸುತ್ತಳತೆ 50 ಸೆಂ.ಮೀ., ಉದ್ದ 24 ಸೆಂ.ಮೀ. ಇರುವ ಪುಟ್ಟ ಸ್ವೆಟರಿನ ಮೈಭಾಗಕ್ಕೇ ಹನ್ನೆರಡು ಸಾವಿರದಷ್ಟು ಕುಣಿಕೆಗಳಾದವು. ತೋಳು, ಕುಲಾವಿ, ಕಾಲುಚೀಲ ಬೇರೆ. ಕೈ ಸ್ವಲ್ಪ ಸಡಿಲಾಗಿ 28ರ ಬದಲು 26 ಬಿದ್ದರೆ ಅದೇ ಸ್ವೆಟರ್ ಸುಮಾರು 4 ಸೆಂ.ಮೀ. ಅಗಲವಾಗುತ್ತದೆ, ಕೂಸಿನ ಹೆಗಲಿಂದ ಜಾರುತ್ತದೆ. ಅದಕ್ಕೇ ಅನುಭವಸ್ಥರು ಮೊದಲು ಅಂಗೈಯಗಲದ ತುಂಡೊಂದನ್ನು ಹೆಣೆದು ಅಳೆದು, ಆಮೇಲೆ ಕೆಲಸ ಶುರುಮಾಡುತ್ತಾರೆ. ಆ ತುಂಡು ಇನ್ನೂ ಇದ್ದರೆ ಕೇಳಿ ನೋಡಿ, ಖುಷಿಯಿಂದ ತೋರಿಸುತ್ತಾರೆ.

ಈಗ ಬಟ್ಟೆಯನ್ನು ತಿರುಗಿಸಿ. ನಿಜವಾದ ರಸಿಕರು ಹೆಚ್ಚು ಹೊತ್ತು ನೋಡುವುದು ಒಳಮಗ್ಗಲನ್ನೇ. ಸಾದಾ ಹೆಣಿಗೆಯ ಹಿಂಬದಿಯಲ್ಲಿ ಅಡ್ಡಡ್ಡ ಉಬ್ಬುಗಳ ಸಾಲುಗಳಿರುತ್ತವೆ. ಎರಡೆರಡು ಸಾಲು ಒಟ್ಟಿಗೆ ಅಂಟಿಕೊಂಡು ನಡುವೆ ಸಣ್ಣ ಕಾಲುವೆ ಬಿದ್ದಂತೆ ಕಂಡರೆ, ಹೆಣೆದವರ ಕೈಯಲ್ಲಿ ಪರ್ಲ್ ಸಾಲು ನಿಟ್ ಸಾಲಿಗಿಂತ ಸಡಿಲಾಗಿ ಬರುತ್ತದೆ ಎಂದರ್ಥ. ಇದು ತೀರಾ ಸಾಮಾನ್ಯ. ಈ ಕಾಲುವೆ ಇಲ್ಲದ ಹೆಣಿಗೆ ಕಂಡರೆ ಬಾಯಿ ತುಂಬ ಹೊಗಳಿ. ಹಾಗೆಯೇ ಹೊಸ ಉಂಡೆಯ ದಾರ ಎಲ್ಲಿ ಸೇರಿದೆ ಎಂದು ಹುಡುಕಿ. ಗಂಟು ಎದೆಯ ನಡುವೆ ಬಂದಿದ್ದರೆ ಕೂಸಿಗೆ ಒತ್ತುತ್ತದೆ. ಬಲ್ಲವರು ದಾರವನ್ನು ಸಾಲಿನ ಅಂಚಿನಲ್ಲಿ ಸೇರಿಸಿ, ತುದಿಯನ್ನು ಹೊಲಿಗೆಯೊಳಗೆ ನೇಯ್ದು ಅಡಗಿಸಿರುತ್ತಾರೆ. ಬೆರಳಾಡಿಸಿದರೂ ಸಿಗಬಾರದು.

ಹರಿಹರಕ್ಕೆ ಬಂದ ನೆಂಟರನ್ನು ಹರಿಹರೇಶ್ವರನ ಗುಡಿಗೆ ಕರೆದೊಯ್ಯದೆ ಕಳಿಸುವುದುಂಟೇ? ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಆ ಗುಡಿಯಲ್ಲಿ, ಅರ್ಧ ಹರ ಅರ್ಧ ಹರಿಯಾದ ಮೂರ್ತಿಯ ಮುಂದೆ ನಿಂತರೆ ಕಣ್ಣು ತಾನಾಗಿ ಎರಡೂ ಸೇರುವ ಗೆರೆಗೆ ಹೋಗುತ್ತದೆ. ಸ್ವೆಟರನ್ನೂ ಹಾಗೆಯೇ ಸೇರುವೆಡೆಯಲ್ಲಿ ನೋಡಬೇಕು. ಪಕ್ಕದ ಹೊಲಿಗೆಯಲ್ಲಿ ಮುಂದಿನ ತುಂಡಿನ ಸಾಲೂ ಹಿಂದಿನ ತುಂಡಿನ ಸಾಲೂ ಒಂದಕ್ಕೊಂದು ಸರಿಯಾಗಿ ಕೂಡಿವೆಯೇ? ಬಾರ್ಡರ್ ಮುಗಿಯುವ ಕಡೆ ಮೆಟ್ಟಿಲು ಬಿದ್ದಿಲ್ಲ ತಾನೇ? ಕುತ್ತಿಗೆಯಿಂದ ಕಂಕುಳಿಗೆ ಓರೆಯಾಗಿ ಇಳಿಯುವ ರ್‍ಯಾಗ್ಲಾನ್ ತೋಳಾದರೆ, ಆ ಓರೆಗೆರೆಯ ಎರಡೂ ಬದಿ ಕುಣಿಕೆ ಇಳಿಸಿರುತ್ತಾರೆ. ಒಂದು ಬದಿಯವು ಎಡಕ್ಕೆ, ಇನ್ನೊಂದು ಬದಿಯವು ಬಲಕ್ಕೆ ವಾಲಿದ್ದರೆ ಗೆರೆ ಚೊಕ್ಕವಾಗಿ ನಿಲ್ಲುತ್ತದೆ. ಎರಡೂ ಒಂದೇ ಕಡೆ ವಾಲಿದ್ದರೆ ಅವಸರದ ಕೆಲಸ. ಕಾಲುಚೀಲದಲ್ಲಿ ಹಿಮ್ಮಡಿಯನ್ನು ನೋಡಿ. ಚಪ್ಪಟೆ ಹೆಣಿಗೆಯಿಂದ ದುಂಡನೆಯ ಬಟ್ಟಲು ಎಬ್ಬಿಸುವ ಜಾಗ ಅದು. ಸಾಲನ್ನು ಪೂರ್ತಿ ಮುಗಿಸದೆ ನಡುವೆಯೇ ತಿರುಗಿ ತಿರುಗಿ ಹೆಣೆಯಬೇಕು. ತಿರುಗಿದಲ್ಲಿ ತೂತು ಉಳಿಯದಂತೆ ಮಾಡುವುದೇ ಕಷ್ಟ. ಇಡೀ ಸೆಟ್ಟಿನಲ್ಲಿ ನಾನು ಮೊದಲು ಹಿಡಿದು ನೋಡುವುದು ಹೆಬ್ಬೆರಳಗಲದ ಆ ಹಿಮ್ಮಡಿಯನ್ನೇ.

ಕುತ್ತಿಗೆಯ ಅಂಚನ್ನು ಮೆಲ್ಲಗೆ ಹಿಗ್ಗಿಸಿ. ಮೈಗೆ ಹೋಲಿಸಿದರೆ ಕೂಸಿನ ತಲೆ ದೊಡ್ಡದು. ಕೊನೆಯ ಸಾಲನ್ನು ಬಿಗಿಯಾಗಿ ಮುಗಿಸಿದ್ದರೆ ಎಷ್ಟೇ ಚೆಂದದ ಸ್ವೆಟರೂ ತಲೆಯಿಂದ ಕೆಳಗೆ ಇಳಿಯದೆ ಕೂಸನ್ನು ಅಳಿಸುತ್ತದೆ. ಹೆಗಲ ಮೇಲೋ ಎದೆಗೋ ಗುಂಡಿ ಇಟ್ಟಿದ್ದರೆ ಹೆಣೆದವರು ಮಗುವನ್ನು ಎತ್ತಿ ಆಡಿಸಿದವರು ಎಂದೇ ತಿಳಿಯಿರಿ. ಬಲೆ ಬಲೆಯಾದ ಡಿಸೈನು ಹೊಸಬರನ್ನು ಬೇಗ ಸೆಳೆಯುತ್ತದೆ. ನನ್ನ ಮನಸ್ಸು ಅತ್ತ ಹೋಗುವುದಿಲ್ಲ. ದೊಡ್ಡ ತೂತುಗಳಲ್ಲಿ ಕೂಸಿನ ಬೆರಳು ಸಿಕ್ಕಿಕೊಳ್ಳುತ್ತದೆ, ಕುತ್ತಿಗೆಗೆ ಕಟ್ಟುವ ಉದ್ದನೆಯ ರಿಬ್ಬನ್ನೂ ಅಪಾಯ. ಶಾಲು ಮಾತ್ರ ಬೇರೆ. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳಲ್ಲಿ ಇಡೀ ಶಾಲು ಮದುವೆಯ ಉಂಗುರದೊಳಗೆ ತೂರಿ ಬರುವಷ್ಟು ನವಿರಾಗಿ ಹೆಣೆಯುತ್ತಾರೆ, ಅಲ್ಲಿ ಬಲೆಗೆ ಬೆಲೆಯಿದೆ. ಮೂರು ತಿಂಗಳ ಕೂಸಿಗೆ ಸಾದಾ ಹೆಣಿಗೆಯೇ ಸರಿ.

ದಾರದ ಮಾತು ಬಂದರೆ ನಮ್ಮ ಹವೆಯನ್ನು ನೆನೆಯಲೇಬೇಕು. ಉಲ್ಲನ್ ಎಂದು ನಾವು ಕರೆಯುವುದು ಬಹುಪಾಲು ಅಕ್ರಿಲಿಕ್. ಅಗ್ಗ, ಬಣ್ಣ ಬಗೆಬಗೆ, ಒಗೆದರೆ ಕೆಡದು, ಆದರೆ ಬೆವರು ಹೀರದು. ಮಳೆಗಾಲದ ಥಂಡಿಗೆ, ಡಿಸೆಂಬರ್ ಬೆಳಗಿಗೆ ನಡೆಯುತ್ತದೆ. ಏಪ್ರಿಲ್ ಬಿಸಿಲಲ್ಲಿ ಹಸುಗೂಸಿಗೆ ಅದನ್ನು ತೊಡಿಸಿ ಫೋಟೋ ತೆಗೆಯುವುದು ಬೇಡವೇ ಬೇಡ. ಹತ್ತಿ ಗಿರಣಿಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನಿಸಿಕೊಂಡ ದಾವಣಗೆರೆಯಲ್ಲಿ ಹತ್ತಿ ದಾರದ ಹೆಣಿಗೆ ಇಷ್ಟು ಅಪರೂಪವಾಗಿರುವುದು ನನಗೆ ಬೇಸರದ ವಿಷಯ. ಅದಕ್ಕೆ ಕಾರಣವೂ ಇದೆ. ಹತ್ತಿಗೆ ಉಣ್ಣೆಯಂತೆ ಹಿಗ್ಗಿ ಮತ್ತೆ ಕೂಡಿಕೊಳ್ಳುವ ಗುಣವಿಲ್ಲ. ಉಣ್ಣೆ ಸಣ್ಣ ಏರುಪೇರನ್ನು ಮುಚ್ಚಿಕೊಳ್ಳುತ್ತದೆ, ಹತ್ತಿಯಲ್ಲಿ ಪ್ರತಿ ತಪ್ಪೂ ಎದ್ದು ಕಾಣುತ್ತದೆ, ಬೆರಳೂ ಬೇಗ ನೋಯುತ್ತದೆ. ಆದ್ದರಿಂದ ಯಾರಾದರೂ ಹತ್ತಿ ದಾರದಲ್ಲಿ ಸಮವಾಗಿ ಹೆಣೆದು ತೋರಿಸಿದರೆ ಅದು ದೊಡ್ಡ ಕೈಚಳಕವೆಂದು ಬಗೆಯಿರಿ.

ನಮ್ಮಲ್ಲಿ ಮೊದಲಿಂದ ಇದ್ದುದು ಬಟ್ಟೆಯ ಕುಂಚಿಗೆ, ಹಳೇ ಸೀರೆಯ ಕೌದಿ. ಎರಡು ಕಡ್ಡಿಯ ಹೆಣಿಗೆ ಬಂದದ್ದು ಪಾದ್ರಿಗಳ ಕಾಲದಲ್ಲಿ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದಿತು. ಅಂಥ ಮಿಷನ್ನುಗಳ ಹೆಣ್ಣುಮಕ್ಕಳ ಶಾಲೆಗಳಲ್ಲಿ ಸೂಜಿ ಕೆಲಸವೂ ಒಂದು ಪಾಠವಾಗಿತ್ತು. ಈಗಿನ ಸೊಸೆಯಂದಿರು ಯೂಟ್ಯೂಬ್ ನೋಡಿ ಕಲಿಯುತ್ತಾರೆ. ಹೆಣಿಗೆಯ ವಿನ್ಯಾಸಕಿ ಎಲಿಜಬೆತ್ ಝಿಮ್ಮರ್‌ಮನ್ 1968ರಲ್ಲಿ ರೂಪಿಸಿದ ‘ಬೇಬಿ ಸರ್‌ಪ್ರೈಸ್ ಜಾಕೆಟ್’ ಎಂಬುದೊಂದಿದೆ. ಹೆಣೆದು ಮುಗಿಸಿದಾಗ ಅಂಕುಡೊಂಕಾದ ಒಂದೇ ತುಂಡು, ಮಡಚಿ ಹೆಗಲ ಮೇಲೆ ಎರಡು ಹೊಲಿಗೆ ಹಾಕಿದರೆ ಅಂಗಿ. ಯಾರಾದರೂ ಅದನ್ನು ಹಾಕಿದ್ದರೆ ಮಡಚಿ ತೋರಿಸಲು ಕೇಳಿ. ಅತ್ತೆ ಸೊಸೆ ಇಬ್ಬರೂ ಕೂತು ತಮ್ಮ ತಮ್ಮ ರೀತಿಯನ್ನು ವಿವರಿಸುವ ಮನೆ ಸಿಕ್ಕರೆ ನಿಮ್ಮ ಪುಣ್ಯ.

ಕೇಳುವ ಪ್ರಶ್ನೆಗಳಲ್ಲೂ ರಸಿಕತೆ ಇದೆ. “ಎಷ್ಟು ದಿನ ಹಿಡೀತು?” ಎಂದು ಎಲ್ಲರೂ ಕೇಳುತ್ತಾರೆ. “ಎಲ್ಲಿ ಬಿಚ್ಚಿ ಮತ್ತೆ ಹಾಕಿದ್ರಿ ಅತ್ತೇರ?” ಎಂದು ಕೇಳಿ ನೋಡಿ, ಮುಖವೇ ಅರಳುತ್ತದೆ, ಕತೆ ಅಲ್ಲಿಂದ ಶುರುವಾಗುತ್ತದೆ. ಬಿಚ್ಚಿ ಮತ್ತೆ ಅದೇ ದಾರದಲ್ಲಿ ಹೆಣೆಯಬಹುದಾದದ್ದು ಈ ಕೆಲಸದ ದೊಡ್ಡ ಗುಣ. ಕಡ್ಡಿಯ ಮೇಲೆ ಅರ್ಧ ಆದದ್ದು ಇದ್ದರೆ ಅದನ್ನೂ ನೋಡಿ, ಆದರೆ ಕಡ್ಡಿ ಎಳೆಯಬೇಡಿ. “ನಮ್ಮ ಮನೆಗೂ ಒಂದು ಹಾಕಿಕೊಡ್ರಿ” ಎಂಬ ಮಾತನ್ನು ಹೊಗಳಿಕೆಯೆಂದು ಭಾವಿಸಬೇಡಿ. ಅದು ಕೂಲಿಯಿಲ್ಲದ ಒಂದು ತಿಂಗಳ ಕೆಲಸ.

ದುಗ್ಗಮ್ಮನ ಜಾತ್ರೆಗೆ ದಾವಣಗೆರೆಯ ಮನೆಗಳು ನೆಂಟರಿಂದ ತುಂಬುತ್ತವೆ. ಜಾತ್ರೆ ಎರಡು ವರ್ಷಕ್ಕೊಮ್ಮೆ. ಹಿಂದಿನ ಜಾತ್ರೆಗೆ ತೊಟ್ಟಿಲಲ್ಲಿದ್ದ ಕೂಸು ಈ ಸಲ ಓಡಾಡುತ್ತಿರುತ್ತದೆ, ಅದರ ಸ್ವೆಟರ್ ತಂಗಿಯ ಮೈಮೇಲೋ ಚಿಕ್ಕಮ್ಮನ ಮಗನ ಮೈಮೇಲೋ ಇರುತ್ತದೆ. ಹೆಣಿಗೆಯ ಕಸು ಗೊತ್ತಾಗುವುದು ಆಗಲೇ. ಮೊಣಕೈ ಹತ್ತಿರ ಜುಂಗು ಎದ್ದಿದೆಯೇ, ತೋಳಿನ ಬಾರ್ಡರ್ ಇನ್ನೂ ಕೈಯನ್ನು ಹಿಡಿಯುತ್ತದೆಯೇ, ಮೊದಲೇ ಮಡಚಿ ಬಿಟ್ಟಿದ್ದ ತೋಳಿನ ಅಂಚನ್ನು ಈಗ ಬಿಡಿಸಿದ್ದಾರೆಯೇ ಎಂದು ನೋಡಿ.

ನಿಮಗೇ ಒಂದು ಸೆಟ್ ಉಡುಗೊರೆ ಬಂದರೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಹಿಂಡದೆ ಒತ್ತಿ, ಟವೆಲ್ ಮೇಲೆ ಹರವಿ ಒಣಗಿಸಿ. ತಂತಿಗೆ ತೂಗುಹಾಕಿದರೆ ನೀರಿನ ಭಾರಕ್ಕೆ ಉದ್ದವಾಗುತ್ತದೆ. ಅಕ್ರಿಲಿಕ್‌ಗೆ ಕಾದ ಇಸ್ತ್ರಿ ಮುಟ್ಟಿಸಲೇಬೇಡಿ. ಒಮ್ಮೆ ತಗುಲಿದರೆ ಬಾರ್ಡರ್ ಜೋತುಬೀಳುತ್ತದೆ, ಮತ್ತೆ ಬಿಗಿಯಾಗುವುದಿಲ್ಲ.