ಪೋಲಿ ಮಾತಿಗೆ ಯಾರು ಹಕ್ಕುದಾರರು?

ಕನ್ನಡ ಸಿನಿಮಾದಲ್ಲಿ ಮಂಡ್ಯ ಸೀಮೆಯ ಮಾತಿಗೆ ಬಹುಕಾಲ ಒಂದೇ ಕೆಲಸ ಇತ್ತು, ನಗಿಸುವುದು. ನಾಯಕ ಪಠ್ಯಪುಸ್ತಕದ ಕನ್ನಡದಲ್ಲಿ ಪ್ರೀತಿಸುತ್ತಿದ್ದ, ನಾಯಕಿ ಅದೇ ಕನ್ನಡದಲ್ಲಿ ನಾಚುತ್ತಿದ್ದಳು. ಪಕ್ಕದಲ್ಲಿ ನಿಂತ ಗೆಳೆಯನೋ ಮನೆಯ ಆಳೋ ಬಾಯಿ ತೆರೆದಾಗ ಮಾತ್ರ ‘ಏನ್ಲಾ’, ‘ಬುಡ್ಲಾ’, ‘ಅಂಗಂತೀಯಾ’ ಕೇಳಿಸುತ್ತಿತ್ತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಟೆಂಟಿನ ನೆಲದ ಮೇಲೆ ಕೂತು ಸಿನಿಮಾ ನೋಡಿದವರಿಗೆ ತಮ್ಮ ಅವ್ವನ ಮಾತು ಪರದೆಯಲ್ಲಿ ಸಿಕ್ಕಿದ್ದು ಹೆಚ್ಚಾಗಿ ಕಾಮಿಡಿಯನ್ ಬಾಯಲ್ಲಿ. ಆ ಕಾಮಿಡಿಯನ್‌ಗೆ 1980ರ ದಶಕದಿಂದ ಡಬಲ್ ಮೀನಿಂಗ್ ಸಂಭಾಷಣೆ ಬರೆಯತೊಡಗಿದಾಗ ಕೊಳೆ ಮಾತಿಗೂ ಮೆತ್ತಿಕೊಂಡಿತು. ‘ಮಂಡ್ಯದೋರು ಬಾಯಿ ಬಿಟ್ರೆ ಪೋಲಿ’ ಎನ್ನುವವರು ಈಗಲೂ ಇದ್ದಾರೆ.

ಪೋಲಿಯಲ್ಲ ಎಂದು ವಾದಿಸುವ ಉದ್ದೇಶ ನನಗಿಲ್ಲ. ಈ ನಾಲ್ಕು ತಾಲ್ಲೂಕಿನ ಯಾವ ಅರಳಿಕಟ್ಟೆಯಲ್ಲಿ, ಯಾವ ಆಲೆಮನೆಯಲ್ಲಿ ಕೂತರೂ ಕಿವಿ ಮುಚ್ಚಿಕೊಳ್ಳುವಂಥ ಮಾತು ಬರುತ್ತದೆ. ಮದುವೆ ಮನೆಯಲ್ಲಿ ಹೆಂಗಸರು ಬೀಗರನ್ನು ಹಾಡಿನಲ್ಲೇ ಬೆತ್ತಲೆ ಮಾಡುತ್ತಾರೆ. ಎಂಬತ್ತು ದಾಟಿದ ಅಜ್ಜಿಗೆ ಇರುವ ಪರವಾನಗಿ ಊರಿನಲ್ಲಿ ಬೇರೆ ಯಾರಿಗೂ ಇಲ್ಲ. ಆದರೆ ಇದಕ್ಕೊಂದು ಕಟ್ಟು ಇದೆ. ಬಾವ ಮೈದುನರ ನಡುವೆ ಆಡಬಹುದಾದದ್ದನ್ನು ಮಾವನ ಎದುರು ಆಡುವಂತಿಲ್ಲ. ಸೋದರತ್ತೆಯ ಮಗಳನ್ನು ಛೇಡಿಸುವವನು ತಂಗಿಯ ಮುಂದೆ ತಲೆ ತಗ್ಗಿಸುತ್ತಾನೆ. ಆಡಿಸಿಕೊಂಡವರಿಗೆ ತಿರುಗಿ ಆಡುವ ಹಕ್ಕಿದೆ, ಅವರು ಅದನ್ನು ಬಡ್ಡಿ ಸಮೇತ ಚಲಾಯಿಸುತ್ತಾರೆ. ಮಾತು ಮುಖಕ್ಕೇ ಬೀಳುತ್ತದೆ, ಮರೆಯಿಲ್ಲ. ಡಬಲ್ ಮೀನಿಂಗ್‌ಗೆ ಇದ್ಯಾವುದೂ ಇಲ್ಲ. ಅಲ್ಲಿ ಎರಡನೇ ಅರ್ಥದ ಮರೆಯಲ್ಲಿ ನಿಂತು ಕಲ್ಲು ಹೊಡೆಯಬೇಕು. ಏಟು ತಿನ್ನುವವರು ಒಬ್ಬ ದಪ್ಪ ಹೆಂಗಸೋ ಹೆಣ್ಣಿಗನೆಂದು ಹಂಗಿಸಿಕೊಳ್ಳುವ ಗಂಡಸೋ ಆಗಿರಬೇಕು. ಅವರಿಗೆ ತಿರುಗಿ ಹೇಳಲು ಸಂಭಾಷಣೆ ಬರೆದಿರಬಾರದು.

ಈ ಸೀಮೆಗೆ ನಗೆಗಾರನ ಹಳೆಯ ವಂಶಾವಳಿಯೇ ಇದೆ. ಮೂಡಲಪಾಯ ಯಕ್ಷಗಾನದ ಕೋಡಂಗಿಯನ್ನು ನೋಡಿ. ರಾಜ, ರಾಕ್ಷಸರೆಲ್ಲ ಭಾರದ ಕಿರೀಟ ಹೊತ್ತು ಗ್ರಾಂಥಿಕವಾಗಿ ಗರ್ಜಿಸುವ ರಂಗಕ್ಕೆ ಇವನು ಊರಿನ ಮಾತು ಹಿಡಿದುಕೊಂಡೇ ನುಗ್ಗುತ್ತಾನೆ, ಭಾಗವತನನ್ನೂ ಬಿಡದೆ ಕಾಡುತ್ತಾನೆ. ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯ ಜೀ.ಶಂ. ಪರಮಶಿವಯ್ಯನವರು ಈ ಸೀಮೆಯ ಜನಪದ ಕಲೆಗಳ ಹಿಂದೆ ಜೀವಮಾನವಿಡೀ ಅಲೆದವರು. ಅಂಥವರ ಅಲೆದಾಟದಿಂದಲೇ ಮೂಡಲಪಾಯಕ್ಕೆ ವಿದ್ವತ್ತಿನ ಲೋಕದಲ್ಲಿ ಒಂದು ಜಾಗ ಸಿಕ್ಕಿತು. ಕೋಡಂಗಿ ಪೋಲಿ ಆಡುತ್ತಾನೆ, ಆದರೆ ಆಟದ ಒಳಗಿದ್ದು ಆಡುತ್ತಾನೆ. ದೊಡ್ಡವರ ದೊಡ್ಡಸ್ತಿಕೆಗೆ ಸೂಜಿ ಚುಚ್ಚುವುದು ಅವನ ಕಸುಬು, ಬಡಪಾಯಿಯನ್ನು ಚುಚ್ಚಿದರೆ ಆ ಕಸುಬು ಕೆಟ್ಟಂತೆ.

ಬರಹದಲ್ಲೂ ಇದಕ್ಕೆ ಸಾಕ್ಷಿಯಿದೆ. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು ಮೋಲಿಯೇರನ ‘ತಾರ್ತೂಫ್’ ನಾಟಕವನ್ನು ‘ಆಷಾಢಭೂತಿ’ಯಾಗಿ ಕನ್ನಡಕ್ಕೆ ಒಗ್ಗಿಸಿದರು. ಗಂಡ ಮೇಜಿನ ಕೆಳಗೆ ಅವಿತಿದ್ದಾನೆ, ಮೇಲೆ ಡೋಂಗಿ ಧರ್ಮಾತ್ಮ ಅವನ ಹೆಂಡತಿಯ ಕೈ ಹಿಡಿಯಲು ಹವಣಿಸುತ್ತಿದ್ದಾನೆ: ಮೂಲ ನಾಟಕದ ಈ ಪ್ರಸಂಗಕ್ಕಿಂತ ಪೋಲಿ ಸನ್ನಿವೇಶ ಗಾಂಧಿನಗರದ ಯಾವ ಕಾಮಿಡಿ ಟ್ರ್ಯಾಕಿನಲ್ಲಿದೆ? ಆದರೂ ಅದರಿಂದ ಅವಮಾನವಾಗುವುದು ಡೋಂಗಿಗೆ, ಹೆಂಗಸಿಗಲ್ಲ. 1664ರಲ್ಲಿ ಫ್ರಾನ್ಸಿನ ಧರ್ಮನಿಷ್ಠರು ಈ ನಾಟಕದ ಮೇಲೆ ಹರಿಹಾಯ್ದದ್ದೂ ಇದಕ್ಕೇ.

ಸಿನಿಮಾಕ್ಕೆ ಬಂದರೆ ನರಸಿಂಹರಾಜು, ಬಾಲಕೃಷ್ಣರ ಕಾಲದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದನ್ನು ಹೊಗಳದ ಕನ್ನಡಿಗನಿಲ್ಲ. ಒಂದು ಮಾತು ಮಾತ್ರ. ‘ಬಂಗಾರದ ಮನುಷ್ಯ’ದ (1972) ರಾಚೂಟಪ್ಪನನ್ನು ನೋಡಿದವರು ‘ಹಾಸ್ಯನಟ ಗಂಭೀರ ಪಾತ್ರ ಮಾಡಿದ’ ಎಂದು ಹುಬ್ಬೇರಿಸಲಿಲ್ಲ. ಬಾಲಕೃಷ್ಣ ನಗಿಸುತ್ತಿದ್ದರು, ಖಳನಾಗುತ್ತಿದ್ದರು, ಊರಿನ ಹಿರಿಯನಾಗುತ್ತಿದ್ದರು. ನಾಟಕ ಕಂಪನಿಯಿಂದ ಬಂದವರಿಗೆ ಮೂರೂ ಒಂದೇ ಸಂಬಳದ ಕೆಲಸ.

ಕಾಮಿಡಿಗೆ ಬೇರೆ ಪಡಸಾಲೆ ಕಟ್ಟಿದ್ದು ಆಮೇಲೆ. ಕಾಶೀನಾಥರ ‘ಅನುಭವ’ (1984) ಗೆದ್ದಾಗ ಮಡಿವಂತರು ಮೂಗು ಮುರಿದರು. ಕಾಶೀನಾಥರ ಕೈಯಲ್ಲಿ ಕೊನೇಪಕ್ಷ ಒಂದು ವಾದವಿತ್ತು, ಕಾಮದ ಬಗ್ಗೆ ಬಾಯಿ ಬಿಡದ ಸಮಾಜ ಅದರ ಬಗ್ಗೆಯೇ ಹಗಲಿರುಳು ಯೋಚಿಸುತ್ತದೆ ಎಂಬ ವಾದ. ಹಿಂದೆ ಬಂದವರು ವಾದವನ್ನು ಬಿಟ್ಟು ತುಂಟತನವನ್ನಷ್ಟೇ ಎತ್ತಿಕೊಂಡರು. ಉಮಾಶ್ರೀ, ಎನ್.ಎಸ್. ರಾವ್ ಜೋಡಿಯ ಎಷ್ಟೋ ದೃಶ್ಯಗಳನ್ನು ಸಿನಿಮಾದಿಂದ ಕತ್ತರಿಸಿ ತೆಗೆದರೂ ಕಥೆಗೆ ಒಂದು ಗೆರೆಯೂ ಬೀಳುವುದಿಲ್ಲ. ಅದೇ ಉಮಾಶ್ರೀ ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನಾಗಿ ರಂಗದ ಮೇಲೆ ನಿಂತಾಗ ಪ್ರೇಕ್ಷಕರು ಉಸಿರು ಬಿಗಿ ಹಿಡಿದರು. ಸಾಕವ್ವ ಬಯ್ಯುತ್ತಾಳೆ, ಕೊಳಕು ಮಾತಾಡುತ್ತಾಳೆ, ಕಳೆದುಹೋದ ಕೋಳಿಗಾಗಿ ಲೋಕವನ್ನೇ ಶಪಿಸುತ್ತಾಳೆ. ನಾಲಗೆ ಒರಟೇ, ಆದರೆ ಅದರ ಹಿಂದೆ ಒಂದು ಹೊಟ್ಟೆಯಿತ್ತು.

ನಾನು ಹೇಳಬೇಕೆಂದಿರುವುದನ್ನು ತೋರಿಸಲು 2016ರ ವರ್ಷ ಸಾಕು. ಆ ವರ್ಷ ಎರಡು ಸಿನಿಮಾ ತೆರೆಗೆ ಬಂದವು. ಎರಡರಲ್ಲೂ ಸಾವಿದೆ, ಎರಡರಲ್ಲೂ ಪೋಲಿ ಮಾತಿದೆ. ಒಂದು ವಿಜಯಪ್ರಸಾದರ ‘ನೀರ್ ದೋಸೆ’, ಇನ್ನೊಂದು ರಾಮ್ ರೆಡ್ಡಿಯವರ ‘ತಿಥಿ’.

‘ನೀರ್ ದೋಸೆ’ಯಲ್ಲಿ ಜಗ್ಗೇಶ್ ಹೆಣ ಸಾಗಿಸುವ ವ್ಯಾನಿನ ಡ್ರೈವರ್. ಒಂಟಿ ಜನರ ಕಥೆ, ಒಳಗೆ ಮರುಕವಿದೆ. ಜಗ್ಗೇಶರ ಮಾತಿನ ಲಯವನ್ನು ಮೀರಿಸುವವರು ಕನ್ನಡದಲ್ಲಿ ಕಡಿಮೆ. ಆದರೆ ಎಲ್ಲ ಪಾತ್ರಗಳ ಬಾಯಲ್ಲೂ ಒಬ್ಬನೇ ಬರಹಗಾರ ಕೂತಿದ್ದಾನೆ. ವೇಶ್ಯೆಯೂ ಹಾಗೇ ಪ್ರಾಸ ಕಟ್ಟುತ್ತಾಳೆ, ಮುದುಕನೂ ಹಾಗೇ ಶ್ಲೇಷೆ ಬಿಡುತ್ತಾನೆ. ಮಾತು ಎದುರಿಗಿದ್ದವನಿಗೆ ಆಡಿದ್ದಲ್ಲ, ಥಿಯೇಟರಿನ ಹಿಂದಿನ ಸಾಲಿಗೆ ಎಸೆದದ್ದು. ಶಿಳ್ಳೆ ಬರುವ ತನಕ ಪಾತ್ರಗಳು ಕಾಯುತ್ತವೆ, ಕಣ್ಣೀರು ಬರಬೇಕಾದ ಹೊತ್ತಿಗೆ ಗಡಿಬಿಡಿಯಲ್ಲಿ ಭಾಷೆ ಬದಲಾಯಿಸುತ್ತವೆ.

‘ತಿಥಿ’ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನದು. ಕಥೆಯಲ್ಲಿ ಕೈಜೋಡಿಸಿದ ಈರೇಗೌಡರ ಊರು ಅದು, ನಟಿಸಿದವರು ಸುತ್ತಿನ ಊರಿನವರು, ಯಾರೂ ವೃತ್ತಿನಟರಲ್ಲ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದು ಬಂದ ಮೇಲೆ ನಮ್ಮವರು ಅದರತ್ತ ತಿರುಗಿದರು. ಶುರುವಿನಲ್ಲೇ ನೂರೊಂದು ವರ್ಷದ ಸೆಂಚುರಿಗೌಡ ದಾರಿಯ ಪಕ್ಕ ಕೂತು ಹೋಗುವವರು, ಬರುವವರಿಗೆಲ್ಲ ಬಾಯಿಗೆ ಬಂದದ್ದು ಅನ್ನುತ್ತಾನೆ. ನಾವು ನಗುತ್ತೇವೆ. ಸ್ವಲ್ಪ ಹೊತ್ತಿಗೆ ಅಜ್ಜ ಸತ್ತುಬೀಳುತ್ತಾನೆ, ಹನ್ನೊಂದನೇ ದಿನದ ಬಾಡೂಟಕ್ಕೆ ತಯಾರಿ ನಡೆಯುತ್ತದೆ. ಮೊಮ್ಮಗ ತಮ್ಮಣ್ಣ ಜಮೀನಿನ ಕಾಗದಪತ್ರಕ್ಕೆ ಪರದಾಡುತ್ತಾನೆ. ಬ್ರಾಂದಿ ಹೀರುತ್ತ ಅಲೆಯುವ ಮಗ ಗಡ್ಡಪ್ಪನಿಗೆ ಇದ್ಯಾವುದೂ ಬೇಡ. ಈ ಗಡ್ಡಪ್ಪ ಒಂದು ರಾತ್ರಿ ಕುರುಬರ ಜೊತೆ ಕೂತು ತನ್ನ ಕಥೆ ಹೇಳುತ್ತಾನೆ. ಅಪ್ಪ ಈ ಮಗನ ಹೆಂಡತಿಯನ್ನೇ ಕೂಡಿದ ಕಥೆ ಅದು. ದನಿ ಏರುವುದಿಲ್ಲ, ಪಿಟೀಲು ಮೊಳಗುವುದಿಲ್ಲ, ಮಾತಿನ ವರಸೆಯೂ ಬದಲಾಗುವುದಿಲ್ಲ. ಮೊದಲ ದೃಶ್ಯದಲ್ಲಿ ನಾವು ನಕ್ಕ ಆ ಪೋಲಿ ಮುದುಕ ಈಗ ಬೇರೆ ಮನುಷ್ಯನಾಗಿ ಕಾಣುತ್ತಾನೆ, ನಮ್ಮ ನಗೆ ನಮಗೇ ತಿರುಗುತ್ತದೆ. ಪೋಲಿ ಮಾತೇ ಇಲ್ಲಿ ದುರಂತದ ಪೀಠಿಕೆ. ಕನ್ನಡದಲ್ಲಿ ಇಷ್ಟು ನಿಖರವಾಗಿ ಈ ಕೆಲಸ ಮಾಡಿದ ಇನ್ನೊಂದು ಸಿನಿಮಾ ನನಗೆ ನೆನಪಾಗುವುದಿಲ್ಲ.

ಗಾಂಧಿನಗರ ಇದರಿಂದ ಏನು ಕಲಿಯಿತು? ಅಜ್ಜಂದಿರು ಬಯ್ದರೆ ದುಡ್ಡಾಗುತ್ತದೆ ಎಂಬುದನ್ನು. ‘ತರ್ಲೆ ವಿಲೇಜ್’ನಂಥ ಸಿನಿಮಾಗಳು ಅದೇ ಮುಖಗಳನ್ನು ಕರೆತಂದು, ಆ ಮುಖಗಳ ಹಿಂದಿನ ಬದುಕನ್ನು ಹೊರಗೇ ಬಿಟ್ಟವು. ದುಡಿದು ನಾಲ್ಕು ಕಾಸು ಕಂಡ ಹಿರಿಯರ ಬಗ್ಗೆ ನನ್ನ ತಕರಾರಿಲ್ಲ. ಬರೆದವರ ಸೋಮಾರಿತನದ ಬಗ್ಗೆ ಇದೆ.

2016ರ ಕೊನೆಗೆ ಜೀ ಕನ್ನಡದಲ್ಲಿ ‘ಕಾಮಿಡಿ ಕಿಲಾಡಿಗಳು’ ಶುರುವಾಯಿತು, ತೀರ್ಪುಗಾರರ ಪೈಕಿ ಜಗ್ಗೇಶ್. ಅಲ್ಲಿಂದ ಮನೆಮಾತಾದ ಶಿವರಾಜ್ ಊರಿನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತು ‘ಶಿವರಾಜ್ ಕೆ.ಆರ್. ಪೇಟೆ’ ಆದರು. ಟೀವಿ ಸ್ಕಿಟ್‌ಗಳ ಚಾಳಿ ಗೊತ್ತಿರುವುದೇ: ಗಂಡಸಿಗೆ ಸೀರೆ ಉಡಿಸು, ಮೈ ಬಣ್ಣ ಹಂಗಿಸು, ಕುಡುಕನನ್ನು ತೂರಾಡಿಸು. ಆ ಗದ್ದಲದಲ್ಲೂ ಶಿವರಾಜರ ಸಮಯಪ್ರಜ್ಞೆ ಬೇರೆಯಾಗಿ ಕಾಣುತ್ತಿತ್ತು. ಪಂಚ್ ಹೊಡೆದು ನಿಲ್ಲುವವರಲ್ಲ, ಹೊಡೆಸಿಕೊಂಡು ಕಣ್ಣು ಮಿಟುಕಿಸುವವರು. 2020ರ ‘ನಾನು ಮತ್ತು ಗುಂಡ’ದಲ್ಲಿ ಅವರು ಆಟೋ ಡ್ರೈವರ್, ಬೆನ್ನು ಹತ್ತಿದ ಬೀದಿನಾಯಿಯನ್ನು ಕೊನೆಗೆ ಬಿಡಲಾಗದವನು. ಸಿನಿಮಾ ಕಣ್ಣೀರಿನ ಕಡೆ ಅತಿಯಾಗಿ ವಾಲುತ್ತದೆ, ಸಂಗೀತ ನಮಗೆ ಪುರುಸೊತ್ತು ಕೊಡುವುದಿಲ್ಲ. ಆದರೂ ನಟ ತನ್ನ ಸೀಮೆಯನ್ನು ನಾಲಗೆಯಿಂದ ಒರೆಸಿಕೊಳ್ಳಲಿಲ್ಲ ಎಂಬುದು ನನಗೆ ಮುಖ್ಯ. ನಗಿಸಿದ ಬಾಯಲ್ಲೇ ದುಃಖವನ್ನೂ ಹೇಳಿದರು. ‘ಹಾಸ್ಯನಟ ಅಳಿಸಿಯೂ ಬಿಟ್ಟರಲ್ಲ’ ಎಂಬ ಹೊಗಳಿಕೆಯಲ್ಲಿ ಒಂದು ತಿರಸ್ಕಾರ ಅಡಗಿದೆ. ಇಷ್ಟು ದಿನ ಮಾಡಿದ್ದು ಕೆಳದರ್ಜೆ ಕೆಲಸ, ಈಗ ಬಡ್ತಿ ಸಿಕ್ಕಿತು ಎಂಬ ಧಾಟಿ ಅದರದು.

ಬಡ್ತಿ ಎಷ್ಟು ದಿನದ್ದು ಎಂಬುದನ್ನೂ ನೋಡಬೇಕು. ಗಿರೀಶ ಕಾಸರವಳ್ಳಿ ಎರಡು ಸಲ ಕಾಮಿಡಿಯ ಈ ಪಡಸಾಲೆಗೆ ಬಂದು ನಟರನ್ನು ಆರಿಸಿಕೊಂಡು ಹೋದರು. ‘ಗುಲಾಬಿ ಟಾಕೀಸ್’ನ (2008) ಸೂಲಗಿತ್ತಿಯಾಗಿ ಉಮಾಶ್ರೀ ರಾಷ್ಟ್ರಪ್ರಶಸ್ತಿ ಪಡೆದರು. ‘ಕನಸೆಂಬ ಕುದುರೆಯನೇರಿ’ಯಲ್ಲಿ (2010) ಗುಂಡಿ ತೋಡುವ ಈರ್ಯನಾಗಿ ವೈಜನಾಥ ಬಿರಾದಾರ ಸ್ಪೇನಿನ ಚಿತ್ರೋತ್ಸವವೊಂದರಲ್ಲಿ ಶ್ರೇಷ್ಠ ನಟನೆನಿಸಿದರು. ಭಿಕ್ಷುಕ, ಕುಡುಕ ಎಂದೇ ನಾವು ಗುರುತಿಸುತ್ತಿದ್ದ ಬಿರಾದಾರರ ಆ ಬಾಗಿದ ನಡಿಗೆ ಅಲ್ಲಿ ಹಸಿವಿನ ನಡಿಗೆಯಾಯಿತು. 2023ರಲ್ಲಿ, ಅವರ 500ನೆಯ ಚಿತ್ರವೆಂದು ಪ್ರಚಾರವಾದ ಸಿನಿಮಾದ ಹೆಸರು ‘90 ಬಿಡಿ ಮನೀಗ್ ನಡಿ’. ಹದಿಮೂರು ವರ್ಷದ ನಂತರವೂ ಕೈಗೆ ಬಾಟಲಿಯೇ. ರಂಗಾಯಣ ರಘು ಸ್ವಲ್ಪ ಅದೃಷ್ಟವಂತರು, ‘ಶಾಖಾಹಾರಿ’ಯ (2024) ಹೋಟೆಲಿನ ಸುಬ್ಬಣ್ಣನಂಥ ಪಾತ್ರ ತಡವಾಗಿಯಾದರೂ ಅವರ ಮನೆ ಬಾಗಿಲಿಗೆ ಬಂತು.

ಇಲ್ಲಿ ಸಿನಿಮಾದವರಲ್ಲದ ಒಬ್ಬರನ್ನು ನೆನೆಯುತ್ತೇನೆ. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯ, ರೈತಸಂಘದ ನಾಯಕ, ಶಾಸಕ, 2018ರಲ್ಲಿ ತೀರಿಕೊಂಡರು. ಕಬ್ಬಿನ ಬೆಲೆ, ನಾಲೆಯ ನೀರು, ಬ್ಯಾಂಕಿನ ಸಾಲ, ಇವನ್ನೆಲ್ಲ ಅವರು ಊರಿನ ಮಾತಿನಲ್ಲೇ, ಗಾದೆ ಲೇವಡಿ ಸೇರಿಸಿ ಹೇಳುತ್ತಿದ್ದರು. ಜನ ಹೊಟ್ಟೆ ಹಿಡಿದು ನಕ್ಕು ಆಮೇಲೆ ರಸ್ತೆಗಿಳಿಯುತ್ತಿದ್ದರು. ಅವರನ್ನು ಯಾರೂ ಕಾಮಿಡಿಯನ್ ಎನ್ನಲಿಲ್ಲ, ಗಂಭೀರವಾಗಿ ಮಾತಾಡಿ ಎಂದು ಬುದ್ಧಿಯನ್ನೂ ಹೇಳಲಿಲ್ಲ. ನಗೆಯೂ ಸಂಕಟವೂ ಒಂದೇ ನಾಲಗೆಯಲ್ಲಿ ಇರಬಲ್ಲವು ಎಂಬುದು ಈ ಸೀಮೆಯ ಜನಕ್ಕೆ ಗೊತ್ತಿತ್ತು. ಗೊತ್ತಿಲ್ಲದ್ದು ಸಂಭಾಷಣೆ ಬರೆಯುವವರಿಗೆ.

ಸೆನ್ಸಾರಿನವರು ಕತ್ತರಿ ಹಾಕಿದರೆ ಇದು ಸರಿಹೋಗುವುದಿಲ್ಲ. ಕತ್ತರಿ ಬಿದ್ದ ಜಾಗದಲ್ಲಿ ಇನ್ನೊಂದು ಮರೆಮಾತು ಹುಟ್ಟುತ್ತದೆ, ‘ತಿಥಿ’ಯಂಥದ್ದಕ್ಕೇ ಮೊದಲು ಏಟು ಬೀಳುತ್ತದೆ. ಪೋಲಿ ಮಾತನ್ನು ಸ್ವಚ್ಛ ಮಾಡಿ ಎಂದು ನಾನು ಕೇಳುವುದಿಲ್ಲ. ಕಾಮಿಡಿ ಟ್ರ್ಯಾಕ್ ಬರೆಯುವ ಮಿತ್ರರಲ್ಲಿ ನನ್ನದೊಂದೇ ಕೋರಿಕೆ: ಕೆ.ಆರ್. ಪೇಟೆಯ ನಾಲಗೆಯೊಂದನ್ನು ಬಾಡಿಗೆಗೆ ಕರೆಯುವಾಗ ಆ ಪಾತ್ರಕ್ಕೊಂದು ಮನೆ, ತೀರಿಸಲಾಗದ ಒಂದು ಸಾಲ, ತಿರುಗಿ ಬಯ್ಯಬಲ್ಲ ಒಬ್ಬ ಹೆಂಗಸು, ಇಷ್ಟನ್ನು ಬರೆದುಕೊಡಿ. ಆಮೇಲೆ ಎಷ್ಟು ಬೇಕಾದರೂ ಪೋಲಿ ಆಡಿಸಿ, ನಾವು ನಗುತ್ತೇವೆ.